ಕೊನೆಯ ಕನೆಕ್ಷನ್

ಊರಿನ ಮನೆಮನೆಗೂ ಕೇಬಲ್ ಎಳೆದಿದ್ದ ತಿಪ್ಪೇಶಿ ಈಗ ಅದನ್ನೆಲ್ಲ ಬಿಚ್ಚಿ ಗುಜರಿಗೆ ಹಾಕುತ್ತಿದ್ದ. ಜನ ಫೋನಿನಲ್ಲೇ ಎಲ್ಲ ನೋಡತೊಡಗಿದ್ದರು. ಉಳಿದದ್ದು ಒಂದೇ ಕನೆಕ್ಷನ್, ಟಾಕೀಸಿನ ಶಂಕರಲಿಂಗಪ್ಪನವರದು. ಅವರಿಗೆ ಮುಖ ತೋರಿಸಲು ತಿಪ್ಪೇಶಿಗೆ ನಾಚಿಕೆ. ಹೊಸ ಸಿನಿಮಾಗಳನ್ನು ಕದ್ದು ಕೇಬಲ್ಲಿನಲ್ಲಿ ಬಿಟ್ಟು, ಅವರ ಟಾಕೀಸು ಮುಚ್ಚಿಸಿದವನೇ ಅವನು. ಅದೀಗ ಗೊಬ್ಬರದ ಗೋದಾಮು.

"ನಾಳೆಯಿಂದ ಬಂದ್ ಮಾಡ್ತಿದೀನಿ ಯಜಮಾನ್ರೇ. ಎಲ್ರೂ ಕೈ ಬಿಟ್ರು, ನೀವೊಬ್ರು ಬಿಡ್ಲಿಲ್ಲ. ನಾನು ಮಾಡಿದ್ದಕ್ಕೆ ನೀವು ಹಿಂಗೆ ನಡ್ಕೊಂಡ್ರಲ್ಲ..." ಎನ್ನುತ್ತಾ ತಿಪ್ಪೇಶಿ ಅವರ ಮನೆ ಬಾಗಿಲಲ್ಲೇ ಕೈ ಮುಗಿದ.

"ಒಳಗೆ ಬಾ," ಎಂದರು ಅವರು.

ಇಷ್ಟು ವರ್ಷ ಬಾಗಿಲಲ್ಲೇ ದುಡ್ಡು ಇಸಿದುಕೊಂಡು ಹೋಗುತ್ತಿದ್ದ ತಿಪ್ಪೇಶಿ ಮೊದಲ ಸಲ ಒಳಗೆ ಕಾಲಿಟ್ಟ. ಕಿಟಕಿಯಿಂದ ಬಂದ ವೈರು ಗೋಡೆಯ ಮೊಳೆಗೆ ಸುತ್ತಿಕೊಂಡು ಧೂಳು ಹಿಡಿದಿತ್ತು.

"ಟಿ.ವಿ. ಎಲ್ಲಿ?"

"ತಂದೇ ಇಲ್ಲ."

"ಮತ್ತೆ ಕೇಬಲ್ ಯಾಕೆ ಇಟ್ಕೊಂಡಿದ್ರಿ?"

"ಒಬ್ಬ ಕೂತಿದ್ರೂ ನಾನು ಷೋ ನಿಲ್ಲಿಸ್ತಿರ್ಲಿಲ್ಲ, ನಿಂಗೇ ಗೊತ್ತಲ್ಲ. ಕೊನೇ ದಿನ ಆ ಒಬ್ಬನೂ ಬರ್ಲಿಲ್ಲ. ಅದೇ ಸಿನಿಮಾ ನಿನ್ನ ಕೇಬಲ್ಲಲ್ಲಿ ಬರ್ತಿತ್ತು. ಖಾಲಿ ಕುರ್ಚಿಗಳ ಮಧ್ಯೆ ನಾನೇ ಕೂತು ಪೂರ್ತಿ ನೋಡ್ದೆ."

ಶಂಕರಲಿಂಗಪ್ಪನವರು ಮೊಳೆಯಿಂದ ವೈರು ಬಿಚ್ಚಿ ಅವನ ಕೈಗಿತ್ತರು.

"ನೀನೂ ಹಿಂಗೆ ಎಲ್ಲ ಮುಚ್ಚಿ ಬಂದು ನಿಂತ್ಕೊಳ್ಳೋ ದಿನ ನೋಡೋಕೇ ತಿಂಗಳು ತಿಂಗಳು ಟಿಕೆಟ್ ತಗೋತಿದ್ದೆ ಕಣಯ್ಯಾ."