ಮುಟ್ಟುವ ಆಟ

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲಿನ ವಾಸನೆ ಬಂದರೆ ಇವತ್ತಿಗೂ ನನ್ನ ತಲೆ ತಗ್ಗುತ್ತದೆ.

ಕೆಳಗಿನ ಕೇರಿಯ ಸಿದ್ದರಾಜಣ್ಣ ಮಳವಳ್ಳಿ ಬಸ್ಸಿನ ಕಂಡಕ್ಟರು. ರಜೆಯ ಭಾನುವಾರ ಮನೆಯಲ್ಲಿ ಮಲಗದೆ, ಆಲೆಮನೆ ಪಕ್ಕದ ಬಯಲಿಗೆ ಕಬ್ಬಿನ ಸಿಪ್ಪೆ ಹಾಸಿ, ಊರಿನ ಹೆಣ್ಣುಮಕ್ಕಳಿಗೆಲ್ಲ ಕಬಡ್ಡಿ ಕಲಿಸುತ್ತಿದ್ದರು. "ಇಡ್ದ್ ಮ್ಯಾಲೆ ಬುಡಬ್ಯಾಡ ಕಣವ್ವ" ಎನ್ನುತ್ತ ನನ್ನ ಬೆರಳುಗಳನ್ನು ತಾವೇ ಮಡಚಿ ಪಟ್ಟು ತೋರಿಸುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಕಾಲು ಉಳುಕಿತು. ಸಿದ್ದರಾಜಣ್ಣ ನನ್ನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದರು. ಅಜ್ಜಿ ಜಗಲಿಯಿಂದಲೇ ಕೂಗಿದಳು: "ಅಲ್ಲೇ ಇಳ್ಸ್ಲಾ, ಜಗ್ಲಿ ಅತ್ತಬ್ಯಾಡ."

ಅವರು ನನ್ನನ್ನು ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂರಿಸಿದರು. ಅವರಿನ್ನೂ ಅಂಗಳ ದಾಟಿರಲಿಲ್ಲ, ಅಜ್ಜಿ ನನ್ನ ತಲೆಯ ಮೇಲೆ ಒಂದು ಬಿಂದಿಗೆ ತಣ್ಣೀರು ಸುರಿದಳು. "ಮೈಯೆಲ್ಲ ಮುಟ್ಟುಸ್ಕಂಡು ಬಂದವ್ಳೆ ನೋಡಮ್ಮಿ" ಎಂದು ಅವ್ವನಿಗೆ ಹೇಳಿದಳು. ಅವ್ವ ಟವೆಲು ತಂದಳು. ನೀರಿನ ಸದ್ದಿಗೆ ಸಿದ್ದರಾಜಣ್ಣ ಒಮ್ಮೆ ತಿರುಗಿ ನೋಡಿದರು.

ಕಾಲು ವಾಸಿಯಾದ ಮೇಲೆ ಬಯಲಿಗೆ ಹೋದೆ. ಸಿದ್ದರಾಜಣ್ಣ ಎಂದಿನಂತೆ ಎಲ್ಲರ ಕೈ ಹಿಡಿದು ಪಟ್ಟು ತಿದ್ದಿದರು. ನನ್ನ ಸರದಿ ಬಂದಾಗ ಒಂದು ಕಬ್ಬಿನ ಜಲ್ಲೆ ಎತ್ತಿಕೊಂಡರು. ಅದರ ತುದಿಯಿಂದ ದೂರದಲ್ಲೇ ನೆಲ ತೋರಿಸಿ ಹೇಳಿದರು:

"ಕಾಲು ಇಲ್ಲಿಡಿ, ಅಮ್ಮಾವ್ರೆ."