ತಂಗಿಯ ಮನೆಯ ನೀರು

ಆ ಸಾಲು ಬರುತ್ತಿದ್ದಂತೆ ಅಕ್ಕಯಮ್ಮ ಬಾಯಿ ಮುಚ್ಚಿದಳು.

ಕರ್ತನ ಪ್ರಾರ್ಥನೆಯ ಆರಂಭದಿಂದ ಅಂದಂದಿನ ಆಹಾರ ಕೊಡು ಎಂಬ ಸಾಲಿನವರೆಗೆ ಚರ್ಚಿನ ಸಭೆಯಲ್ಲಿ ಅವಳದೇ ಗಟ್ಟಿ ಗಂಟಲು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಎಂಬಲ್ಲಿಗೆ ಬಂದರೆ ಮಾತ್ರ ತುಟಿ ಬಿಗಿದುಕೊಳ್ಳುತ್ತಿತ್ತು. ನಾಲ್ಕು ವರ್ಷದಿಂದ ಹೀಗೇ. ದೇವರ ಮುಂದೆ ನಿಂತು ಸುಳ್ಳು ಹೇಳುವ ಹೆಂಗಸಲ್ಲ ಅವಳು. ಗಂಡಸರ ಕಡೆ ಕೂತಿದ್ದ ಗಂಡ ನಲ್ಲಪ್ಪ ಕಣ್ಣು ಮುಚ್ಚಿ, ಆ ಸಾಲನ್ನೂ ಸಲೀಸಾಗಿ ಹೇಳಿ ಮುಗಿಸಿದ.

ತಪ್ಪು ಮಾಡಿದವಳು ಬೇರೆ ಯಾರೋ ಆಗಿದ್ದರೆ ಅಕ್ಕಯಮ್ಮ ಎಂದೋ ಮರೆತಿರುತ್ತಿದ್ದಳು. ಅವಳು ಸ್ವಂತ ತಂಗಿ, ಪದ್ಮಶ್ರೀ. ತಾಯಿ ಸತ್ತಾಗ ಎರಡು ವರ್ಷದ ಕೂಸು. ಅಕ್ಕಯಮ್ಮನಿಗೆ ಮಕ್ಕಳಾಗಲಿಲ್ಲ, ತಂಗಿಯನ್ನೇ ಸೊಂಟದ ಮೇಲೆ ಹೊತ್ತು ಬೆಳೆಸಿ, ಜಗನ್ ಎಂಬವನಿಗೆ ಮದುವೆ ಮಾಡಿಕೊಟ್ಟು, ಅದೇ ಊರಿನಲ್ಲಿ ಸಂಸಾರ ಹೂಡಿಸಿದ್ದಳು.

ನಾಲ್ಕು ವರ್ಷದ ಹಿಂದೆ ಅತ್ತೆಯ ಆರೈಕೆಗೆಂದು ಅಕ್ಕಯಮ್ಮ ಚಿಂತಾಮಣಿಯ ಆಸ್ಪತ್ರೆಯಲ್ಲಿ ಐದು ದಿನ ಇರಬೇಕಾಯಿತು. ರೇಷ್ಮೆಹುಳು ನಾಲ್ಕನೇ ಸಲ ಪೊರೆ ಬಿಟ್ಟು, ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನುವ ಕಾಲ. ಆಗ ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಹೂ, ಪೌಡರು, ಸೆಂಟು ಅತ್ತ ಸುಳಿಯಲೂಬಾರದು. ನಲ್ಲಪ್ಪ ಅಲ್ಲೇ ಮಲಗಿ ಹುಳು ನೋಡಿಕೊಳ್ಳುತ್ತಿದ್ದ. ಐದನೇ ದಿನ ಅವಳು ಬಂದು ನೋಡಿದರೆ ತಟ್ಟೆತಟ್ಟೆಯಲ್ಲೂ ಹುಳು ಸಪ್ಪೆ ರೋಗ ಬಂದು ಕಪ್ಪಗೆ ಕೊಳೆಯುತ್ತಿತ್ತು. ಸ್ಟ್ಯಾಂಡಿನ ಕೆಳಗೆ ಗೇಣುದ್ದದ ಮಲ್ಲಿಗೆ ದಂಡೆ ಬಿದ್ದಿತ್ತು.

ಯಾರು ಬಂದಿದ್ದರು ಎಂದು ಗಂಡನನ್ನು ಹಿಡಿದು ಕೇಳಿದಳು. ಅವನು ತಡವರಿಸಿದ, ತಲೆ ತಗ್ಗಿಸಿದ, ಕೊನೆಗೆ ನಿನ್ನ ತಂಗಿ ಎಂದ. ಯಾವುದೋ ಮದುವೆಗೆ ಹೊರಟವಳು ಬೇಡ ಎಂದರೂ ಕೇಳದೆ ಒಳಗೆ ನುಗ್ಗಿಬಿಟ್ಟಳಂತೆ. ಬಾಗಿಲು ಕಾಯದ ತಪ್ಪಿಗೆ ಗಂಡನನ್ನು ಬೈದು, ಸಂಜೆಯ ಹೊತ್ತಿಗೆ ಕ್ಷಮಿಸಿಯೂ ಬಿಟ್ಟಳು. ತಂಗಿಯ ಬಾಗಿಲಿಗೆ ಹೋಗಿ ಮಾತ್ರ ನಿಂತ ಕಾಲಲ್ಲೇ ಹೇಳಿದಳು: "ನೀನು ಹುಳದ ಮನೆ ಒಳಕ್ಕೆ ಬಂದಿದ್ದು ನಂಗೆ ಗೊತ್ತು ಕಣೇ. ಸಾಯೋ ತನಕ ಮುಖ ತೋರಿಸ್ಬೇಡ."

ಪದ್ಮಶ್ರೀ ಕಾಲು ಹಿಡಿದುಕೊಂಡು ಅತ್ತಳು. ಅಕ್ಕಯಮ್ಮ ಕಾಲು ಕೊಡವಿಕೊಂಡು ಬಂದಳು. ಬೆಳೆ ಹೋದದ್ದಕ್ಕಿಂತ, ಹುಳದ ಮನೆಯ ಮಡಿ ಗೊತ್ತಿದ್ದೂ ತಾನು ಬೆಳೆಸಿದವಳೇ ಹೀಗೆ ಮಾಡಿದಳಲ್ಲ ಎಂಬ ಸಂಕಟ ಅವಳನ್ನು ತಿಂದಿತು. ಮನೆ ಮರ್ಯಾದೆ ಎಂದು ಊರಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಅದೇ ವರ್ಷ ಜಗನ್ ಹೆಂಡತಿಯನ್ನು ಬಿಟ್ಟು ಹಿಂದೂಪುರದ ಕಡೆ ಹೊರಟುಹೋದ. ಪದ್ಮಶ್ರೀ ಸಭೆಗೆ ಬರುವುದನ್ನು ನಿಲ್ಲಿಸಿದಳು. ಚೆನ್ನಾಗೇ ಆಯಿತು ಎಂದುಕೊಂಡಿದ್ದಳು ಅಕ್ಕಯಮ್ಮ. ಆಮೇಲೆ ಹಾಗೆ ಅಂದುಕೊಂಡದ್ದಕ್ಕೆ ನಾಚಿದಳು.

ಜಂಗಮಕೋಟೆಗೆ ಸಮೀಪದ ಆ ಊರಿನ ಸಭೆಗೆ ಒಂದು ಹಳೆಯ ಪದ್ಧತಿ ಇದೆ. ಯೇಸುವಿನ ನೆನಪಿಗೆ ರೊಟ್ಟಿ ತೆಗೆದುಕೊಳ್ಳುವ ಭಾನುವಾರದ ಹಿಂದಿನ ದಿನ, ಮುನಿಸಿಕೊಂಡವರು ಎದುರಾಳಿಯ ಮನೆಗೆ ಹೋಗಿ ನೀರು ಕೇಳಿ ಕುಡಿಯಬೇಕು. ತಪ್ಪು ಏನೆಂದು ಇಬ್ಬರೂ ಬಾಯಿ ಬಿಡಬಾರದು. ಬಿಟ್ಟರೆ ಮತ್ತೆ ಜಗಳವೇ. ನೀರು ಗಂಟಲಿಳಿದರೆ ಮುಗಿಯಿತು, ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ.

ಈ ಸಲ ಸಭೆಯ ಹಿರಿಯ ನರಸಿಂಹಪ್ಪ ಅವಳ ಕಡೆ ನೋಡಿಯೇ ಹೇಳಿದರು. "ಆ ಸಾಲು ಷರತ್ತು ಕಣಮ್ಮ. ನಾವೇ ನಮ್ಮ ಬಾಯಾರೆ ಒಪ್ಕೊಂಡಿರೋದು. ಅದು ಭಾನುವಾರಕ್ಕಲ್ಲ, ಉಳಿದ ಆರು ದಿನಕ್ಕೆ."

ಮಾತು ಎದೆಗೆ ನಾಟಿತು. ಹೋಗಿ ಬರುತ್ತೇನೆಂದು ಗಂಡನಿಗೆ ಹೇಳಿದಳು. ನಲ್ಲಪ್ಪ ಎಂದೂ ಇಲ್ಲದ ಗಾಬರಿಯಲ್ಲಿ ತಡೆದ. ಮನಸ್ಸಿನಲ್ಲೇ ಕ್ಷಮಿಸಿದರೆ ಸಾಕು, ದೇವರಿಗೆ ಗೊತ್ತಾಗುತ್ತದೆ, ಆ ಮನೆ ಮೆಟ್ಟಿಲು ಹತ್ತಬೇಡ ಎಂದ. ತನ್ನ ಹುಳು ಸತ್ತ ದುಃಖ ಇವನಿಗೆ ಇನ್ನೂ ಆರಿಲ್ಲವಲ್ಲ ಎಂದು ಅಕ್ಕಯಮ್ಮನಿಗೆ ಅವನ ಮೇಲೆ ಕನಿಕರವೇ ಬಂತು. ಶನಿವಾರ ಅವನು ರೇಷ್ಮೆಗೂಡು ಹೇರಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದಮೇಲೆ, ಸೆರಗು ಹೊದ್ದು ಹೊರಟಳು.

ಬಾಗಿಲು ತೆಗೆದ ಪದ್ಮಶ್ರೀ ಬೆಚ್ಚಿ ಹಿಂದೆ ಸರಿದಳು. ಬಡವಾಗಿದ್ದಳು. ಅಕ್ಕಯಮ್ಮ ಚಾಪೆಯ ಮೇಲೆ ಕೂತು ನೀರು ಕೇಳಿದಳು.

ಪದ್ಮಶ್ರೀ ಲೋಟ ತಂದು ಮುಂದೆ ಹಿಡಿದಳು. "ಎಲ್ಲಾ ಗೊತ್ತಿದ್ದೂ ಬಂದ್ಯಾ ಅಕ್ಕ?"

"ಗೊತ್ತಿದ್ದೇ ಬಂದೆ."

"ನೀನು ಭಾವನ್ನ ಅವತ್ತೇ ಕ್ಷಮಿಸ್ದೆ ಅಂತ ಅವರೇ ಹೇಳಿದ್ರು. ನನ್ನೊಬ್ಬಳನ್ನ ಮಾತ್ರ ಜನ್ಮದಲ್ಲಿ ಕ್ಷಮಿಸಲ್ಲ ಅಂದ್ಯಂತೆ. ನಾನು ಆ ಹುಳದ ಮನೆಗೆ..."

ಅಕ್ಕಯಮ್ಮ ಕೈ ಎತ್ತಿ ತಡೆದಳು. ತಪ್ಪಿನ ಮಾತು ಎತ್ತುವಂತಿಲ್ಲ ಎಂದು ನೆನಪಿಸಿ, ಕೊನೆಯ ಹನಿಯವರೆಗೂ ನೀರು ಕುಡಿದು ಲೋಟ ಕೆಳಗಿಟ್ಟಳು. "ಆಯ್ತು ಕಣಮ್ಮ. ನನ್ನ ಮನಸಲ್ಲಿ ಇನ್ನೇನೂ ಇಲ್ಲ."

ತಂಗಿ ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿದಳು. ನಾಲ್ಕು ವರ್ಷದ ಭಾರ ಇಳಿದು ಅಕ್ಕಯಮ್ಮನ ಎದೆ ಹಗುರಾಯಿತು. ನಾಳೆ ಆ ಸಾಲನ್ನು ಗಂಟಲು ತುಂಬ ಹೇಳಬಹುದು. ಜಗನ್ ಹೋದಮೇಲೆ ಹುಟ್ಟಿದ, ಅಕ್ಕಯಮ್ಮ ದೂರದಿಂದಷ್ಟೇ ಕಂಡಿದ್ದ ಮೂರು ವರ್ಷದ ಹೆಣ್ಣುಮಗು ಒಳಗಿನಿಂದ ಕಣ್ಣುಜ್ಜಿಕೊಳ್ಳುತ್ತಾ ಬಂತು. ಹೆಸರು ರೂಬಿ ಎಂದು ಪದ್ಮಶ್ರೀ ಹೇಳಿದಳು. ಅಕ್ಕಯಮ್ಮ ಎರಡೂ ಕೈ ಚಾಚಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಪದ್ಮಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು, ಎಷ್ಟೋ ದಿನದ ಮೇಲೆ ನಕ್ಕಳು. "ಹಂಗಾದ್ರೆ ಅಕ್ಕ, ಇನ್ಮೇಲೆ ಭಾವ ತನ್ನ ಮಗಳನ್ನ ನೋಡೋಕೆ ಕದ್ದು ಬರೋದು ಬೇಡ, ಅಲ್ವಾ?"