ವಾಸನೆ ಇಲ್ಲದ ಮಗು

ಅರ್ಚನಾ ಕೋಣೆಯಲ್ಲಿ ಮಗುವನ್ನು ಮಲಗಿಸುತ್ತಿದ್ದಾಗ ಅಡುಗೆಮನೆಯಿಂದ ನಾತ ಬಂತು. ಮೀನಿನ ವಾಸನೆಯಲ್ಲ, ಮೀನು ಕೆಟ್ಟ ನಾತ, ಕಣ್ಣು ಉರಿಸುವಂಥದ್ದು. ಎದ್ದು ಹೋಗಿ ನೋಡಿದರೆ ತಾಯಿ ದುರ್ಗಮ್ಮ ಮೆಟ್ಟುಕತ್ತಿಯ ಮುಂದೆ ಕೂತು ತಾಟೆ ಎಂಬ ಸಣ್ಣ ಶಾರ್ಕ್ ಮೀನು ಕೊಯ್ಯುತ್ತಿದ್ದಳು. ತಾಟೆಯ ಸಾರು ಉಂಡರೆ ಬಾಳಂತಿಗೆ ಹಾಲು ಹೆಚ್ಚುತ್ತದೆ ಎಂದು ಬೆಳಿಗ್ಗೆ ಅವಳೇ ಹೇಳಿ ಹೋಗಿದ್ದಳು. ಈ ತಾಟೆಯನ್ನು ಬೆಕ್ಕೂ ಮೂಸುವಂತಿರಲಿಲ್ಲ. ದುರ್ಗಮ್ಮ ಮಾತ್ರ ಏನೂ ಆಗದವಳಂತೆ ಹೋಳು ಮಾಡುತ್ತಲೇ ಇದ್ದಳು.

ಅರ್ಚನಾಳಿಗೆ ಸಿಟ್ಟು ನೆತ್ತಿಗೇರಿತು. ಹೊನ್ನಾವರದ ಮೀನುಪೇಟೆಯಲ್ಲಿ ದುರ್ಗಮ್ಮನ ಮೂಗು ಅಂದರೆ ಎಲ್ಲರಿಗೂ ಗೊತ್ತು. ಅನುಮಾನ ಬಂದ ಮೀನನ್ನು ಪಕ್ಕದಲ್ಲೇ ಕೂತು ಮೀನು ಮಾರುವ ಸೋಮಿಯೂ ಇವಳ ಮುಖದ ಹತ್ತಿರ ಹಿಡಿದು ಕೇಳುತ್ತಿದ್ದಳು. ಅಂಥವಳಿಗೆ ಇದು ಗೊತ್ತಾಗಲಿಲ್ಲ ಎಂದರೆ ನಂಬುವವರು ಯಾರು? ಅದೂ ಅಲ್ಲದೆ, ಬಾಳಂತನಕ್ಕೆಂದು ಭಟ್ಕಳದಿಂದ ಬಂದಾಗಿನಿಂದ ಅರ್ಚನಾ ಒಂದು ಬೇಸರವನ್ನು ನುಂಗಿಕೊಂಡೇ ಇದ್ದಳು. ಅರ್ಚನಾಳ ಮೊದಲ ಮಗಳನ್ನು ಸೊಂಟದಿಂದ ಕೆಳಗಿಳಿಸದ ತಾಯಿ, ಈ ಮಗುವನ್ನು ಎತ್ತಿಕೊಂಡರೆ ಪಕ್ಕದ ಮನೆಯ ಪಾತ್ರೆ ಹಿಂತಿರುಗಿಸುವವಳ ಹಾಗೆ ಬೇಗಬೇಗ ಕೊಟ್ಟುಬಿಡುತ್ತಿದ್ದಳು.

“ಎರಡನೇದೂ ಹೆಣ್ಣಾತು ಅಂತ ನಂಗೆ ಕೊಳೆತ ಮೀನು ತಂದ್ಯಾ?”

ದುರ್ಗಮ್ಮನ ಕೈ ನಿಂತಿತು. ಒಂದು ಹೋಳನ್ನು ಮೂಗಿನವರೆಗೆ ಎತ್ತಿದಳು, ಇಳಿಸಿದಳು. ಆಮೇಲೆ ಮಗಳ ಮುಖ ನೋಡಿದಳು.

“ಕೊಳ್ತದ್ಯಾ?”

“ನಾಟಕ ಮಾಡ್ಬೇಡ. ಓಣಿ ತುದಿವರೆಗೂ ನಾರ್ತದೆ.”

“ನಂಗೆ ನಾತ ಬರೂದಿಲ್ಲ,” ಎಂದಳು ದುರ್ಗಮ್ಮ. “ಎಂತದೂ ಬರೂದಿಲ್ಲ. ಮಳೆಗಾಲದಾಗೆ ಜ್ವರ ಬಂದಿತ್ತಲ್ಲ, ಆಗಿಂದ. ಪೇಟೇಲಿ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನನ್ನ ಹತ್ರ ಯಾರು ಮೀನು ತಕಣ್ತಾರೆ? ಬಂಗಡೆ ಆದ್ರೆ ಕಿವಿರು ನೋಡ್ತೆ, ಕಣ್ಣು ನೋಡ್ತೆ. ತಾಟೆಗೆ ಮೂಗೇ ಬೇಕು. ನಿಂಗೆ ಅಂತ ಆಸೆಗೆ ತಂದೆ.”

“ಡಾಕ್ಟ್ರು ಎಂತ ಹೇಳಿದ್ರು?”

“ಬಂದ್ರೆ ಬಂತು, ಇಲ್ದಿದ್ರೆ ಇಲ್ಲ ಅಂದ್ರು. ಮೂಗು ಹೋಗಿ ಯಾರೂ ಸಾಯೂದಿಲ್ಲ ಅಂತ ನಕ್ಕರು.”

ಬೈಯಲೆಂದು ಅರ್ಚನಾ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಅರ್ಧದಷ್ಟು ದಂಡವಾದವು. ಉಳಿದರ್ಧವನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ. “ಮಗೂನ ಎತ್ಕಂಡ ಕೂಡ್ಲೇ ಕೊಟ್ಬಿಡ್ತೀಯಲ್ಲ, ಅದಕ್ಕೂ ಮೂಗಿಗೂ ಎಂತ ಸಂಬಂಧ?”

ದುರ್ಗಮ್ಮ ಹೋಳುಗಳನ್ನೆಲ್ಲ ಒಂದು ಕಡೆ ಸರಿಸಿದಳು. ಹೇಳಲೋ ಬೇಡವೋ ಎಂದು ಅಳೆಯುತ್ತಿದ್ದಂತಿತ್ತು. “ನೀ ಆಸ್ಪತ್ರೆಯಿಂದ ಮೊಬೈಲಲ್ಲಿ ಮಗೂನ ತೋರ್ಸಿದ್ಯಲ್ಲ, ಎತ್ಕಂಡ್ರೂ ನಂಗೆ ಹಾಂಗೇ ಆಗ್ತದೆ. ಭಾರ ಅದೆ, ಬಿಸಿ ಅದೆ, ಆದ್ರೂ ಗಾಜಿನ ಆಚೆಗೇ ಉಳೀತದೆ. ದೊಡ್ಡವಳ ನೆತ್ತಿ ಮೂಸಿದ ಕೂಡ್ಲೇ ನಮ್ದು ಅಂತ ಆಗಿತ್ತು. ಇದನ್ನ ಎತ್ಕಂಡ್ರೆ ಯಾರ ಮಗೂವೋ ಅನಿಸ್ತದೆ. ಅಜ್ಜಿ ಆದವಳಿಗೆ ಹಾಂಗೆ ಅನಿಸ್ಬಾರ್ದು. ನನ್ನ ಮುಖದಾಗೆ ಅದು ನಿಂಗೆ ಕಂಡ್ಬಿಟ್ರೆ ಅಂತ ಹೆದ್ರಿ ಕೊಟ್ಬಿಡ್ತೆ.”

ತಾಯಿ ಮಗುವನ್ನು ದೂರ ಮಾಡಿದ್ದಲ್ಲ. ಮಗುವೇ ತಾಯಿಯವರೆಗೆ ಬಂದು ಮುಟ್ಟಿರಲಿಲ್ಲ. ಅಷ್ಟರಲ್ಲಿ ಕೋಣೆಯಲ್ಲಿ ಮಗು ಎದ್ದು ಅಳತೊಡಗಿತು. ಅರ್ಚನಾ ಹೋಗಿ ಎತ್ತಿಕೊಂಡು ಬಂದಳು, ತಾಯಿಯ ಎದುರಿಗೇ ನೆಲದ ಮೇಲೆ ಕೂತಳು, ಮಗುವಿನ ನೆತ್ತಿಗೆ ಮೂಗು ಒತ್ತಿದಳು.

“ನಾ ಹೇಳ್ತೆ ಕೇಳು. ಹಾಲಿನ ವಾಸ್ನೆ. ಬೆಚ್ಚಗಿನ ಹಾಲು. ಕೊಬ್ಬರಿ ಎಣ್ಣೆ. ಸ್ವಲ್ಪ ಹುಳಿ. ಮತ್ತೆ...”

“ಮತ್ತೆ?”

“ಮತ್ತೆ ಅದ್ರದ್ದೇ ಒಂದು ಅದೆ. ಹೇಳೂಕೆ ಬರೂದಿಲ್ಲ.”

“ಅದೇ,” ಎಂದಳು ದುರ್ಗಮ್ಮ. “ನಂಗೆ ಬೇಕಾದ್ದು ಅದೇ.”

ಮಗು ಅಳು ನಿಲ್ಲಿಸಲಿಲ್ಲ. ಅರ್ಚನಾಳ ಎದೆಯಲ್ಲೂ ನಿಲ್ಲದೆ ಕೈಕಾಲು ಬಡಿಯಿತು. ಅರ್ಚನಾ ಒಮ್ಮೆಲೇ ಮುಂದಕ್ಕೆ ಸರಿದು ಅದನ್ನು ದುರ್ಗಮ್ಮನ ಹೆಗಲಿಗೆ ಹಚ್ಚಿದಳು.

“ಬ್ಯಾಡ, ಬ್ಯಾಡ. ನಾ ನಾರ್ತಾ ಇರ್ಬೇಕು.”

“ನಾರ್ತೀ. ಸಣ್ಣಿದ್ದಾಗ ನಂಗೆ ಈ ನಾತ ಇಲ್ದೆ ನಿದ್ದೇನೇ ಬರ್ತಿರಲಿಲ್ಲ.”

ಮಗು ಇನ್ನೆರಡು ಬಾರಿ ಬಿಕ್ಕಿತು. ಆಮೇಲೆ ಮುಖ ತಿರುಗಿಸಿ, ಬೆವರು, ಮೀನು, ನೆನೆದ ಸೀರೆ ಎಲ್ಲ ಬೆರೆತಿದ್ದ ಅಜ್ಜಿಯ ಕುತ್ತಿಗೆಯ ಸಂದಿಗೆ ಮೂಗು ತೂರಿಸಿತು. ಸ್ವಲ್ಪ ತಡೆಯಿತು. ಮತ್ತೆ ತೂರಿಸಿತು. ಅಳು ನಿಂತಿತು.

“ಎಂತ ಮಾಡ್ತಾ ಅದೆ?” ದುರ್ಗಮ್ಮ ಪಿಸುಗುಟ್ಟಿದಳು.

“ಮೂಸ್ತಾ ಅದೆ. ನೀ ಯಾರು ಅಂತ ನೋಡೂಕೆ.”

ಮಗುವಿನ ಬೆನ್ನಿಗೆ ಅರ್ಚನಾಳ ಕೈ ಇತ್ತು. ದುರ್ಗಮ್ಮ ಮೀನು ಮೆತ್ತಿದ ತನ್ನ ಎರಡೂ ಕೈಗಳನ್ನು ದೂರಕ್ಕೆ ಚಾಚಿಕೊಂಡು, ಅದು ಮೂಸಿ ಮುಗಿಸುವವರೆಗೂ ಅಲುಗದೆ ಕೂತಳು.